ಕಿವಿ ಮೇಸ್ತ್ರಿ ಕೊಟ್ಟ ತೀರ್ಪು

ಹಳೇ ಗಾಡಿಗಳನ್ನು ಮಾರುವ ಆ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಎರಡು ದೊಡ್ಡ ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಕಪ್ಪಗಿನದು ಡೀಸೆಲ್, ಬೆಳ್ಳಿ ಬಣ್ಣದ್ದು ಪೆಟ್ರೋಲ್. ಎರಡಕ್ಕೂ ಏಳು ವರ್ಷ, ಎರಡರಲ್ಲೂ ಐದು ಜನ ಕಾಲು ಚಾಚಿ ಕೂರಬಹುದು, ಹಿಂದಿನ ಸೀಟಿನಲ್ಲಿ ಒಂದು ಮಗುವನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಬಹುದು. ಮೇಸ್ತ್ರಿಯ ಮಗಳಿಗೆ ಬೇಕಾಗಿದ್ದದ್ದು ಈ ಕೊನೆಯದೇ. ಮಿಕ್ಕ ಸೊಬಗೆಲ್ಲ ಗಾಡಿ ವ್ಯಾಪಾರಿ ತಾನಾಗಿಯೇ ಸೇರಿಸಿ ಹೇಳುತ್ತಿದ್ದ.

"ನಾನು ಹೇಳೋದೇನಿದೆ ಮೇಡಂ, ಮೇಸ್ತ್ರಿಗಳೇ ಬಂದಿದ್ದಾರಲ್ಲ" ಎಂದು ಅವನು ಹಲ್ಲು ಕಿರಿದ. "ಇವರು ಕಿವಿ ಕೊಟ್ರೆ ಇಂಜಿನ್ನು ತಾನಾಗೇ ಬಾಯಿ ಬಿಡುತ್ತೆ."

ಮಾತೇನೋ ಎಣ್ಣೆ ಹಚ್ಚಿದ್ದು, ಆದರೆ ಪೂರ್ತಿ ಸುಳ್ಳಲ್ಲ. ನಲವತ್ತು ವರ್ಷ ಗ್ಯಾರೇಜು ನಡೆಸಿದ ಮುದುಕನಿಗೆ ಕಿವಿ ಮೇಸ್ತ್ರಿ ಎಂಬ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತರೆ ಯಾವ ಬೇರಿಂಗು ಸವೆದಿದೆ, ಯಾವ ವಾಲ್ವು ಸಡಿಲವಾಗಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದ. ಮನೆಯಲ್ಲಂತೂ ಅವನು ಹೂಂ ಅನ್ನದೆ ಒಂದು ಮಿಕ್ಸಿಯೂ ಒಳಗೆ ಬರುತ್ತಿರಲಿಲ್ಲ.

ಆ ಕಿವಿ ಈಗ ಎರಡು ವರ್ಷದಿಂದ ಕೆಟ್ಟಿದೆ ಎಂಬುದು ಅವನೊಬ್ಬನಿಗೆ ಮಾತ್ರ ಗೊತ್ತಿತ್ತು.

ಪೂರ್ತಿ ಕಿವುಡೇನಲ್ಲ. ಎದುರಿಗೆ ನಿಂತು ಮಾತಾಡಿದರೆ ತೊಂದರೆಯಿಲ್ಲ, ದಪ್ಪ ಸದ್ದುಗಳೆಲ್ಲ ಕೇಳುತ್ತವೆ. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು. ಮೊದಲು ಫೋನಿನ ಗಂಟೆ, ಆಮೇಲೆ ಹಕ್ಕಿಗಳು, ಆಮೇಲೆ ಪಕ್ಕದ ಕೋಣೆಯಿಂದ ಯಾರಾದರೂ ಕರೆದರೆ ಅದು. ಕೇಳದಿದ್ದಾಗ ಒಂದು ತಮಾಷೆ ಹಾರಿಸಿ ದಾಟಿಬಿಡುತ್ತಿದ್ದ. ಮುದುಕರ ತಮಾಷೆಯನ್ನು ಯಾರು ಅನುಮಾನಿಸುತ್ತಾರೆ?

ಹಾಗೆ ದಾಟಿಕೊಂಡೇ ಕಳೆದ ವರ್ಷ ಮಗಳಿಗೆ ಒಂದು ಸಣ್ಣ ಕಾರು ಕೊಡಿಸಿದ್ದ. ಸ್ಕ್ರೂಡ್ರೈವರು ಇಟ್ಟ, ಕಣ್ಣು ಮುಚ್ಚಿದ, ಚಿನ್ನದಂಥ ಇಂಜಿನ್ನು ಎಂದ. ಮೂರು ತಿಂಗಳ ಹಿಂದೆ ಮೊಮ್ಮಗಳಿಗೆ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಓಡುವಾಗ ಆ ಚಿನ್ನದಂಥ ಇಂಜಿನ್ನಿನೊಳಗಿನ ಟೈಮಿಂಗ್ ಚೈನು ತುಂಡಾಗಿ ಕಾರು ಸೇತುವೆಯ ನಡುಮಧ್ಯೆ ನಿಂತುಹೋಯಿತು. ಏಳು ವರ್ಷದ ಕೂಸು ತುಟಿ ನೀಲಿ ಮಾಡಿಕೊಂಡು ತಾಯಿಯ ತೊಡೆಯ ಮೇಲೆ ಒದ್ದಾಡಿತು. ಒಬ್ಬ ಲಾರಿಯವನು ನಿಲ್ಲಿಸಿ ಹತ್ತಿಸಿಕೊಳ್ಳದಿದ್ದರೆ ಏನಾಗುತ್ತಿತ್ತೋ. ಎಲ್ಲರೂ ಹಣೆಬರಹ ಎಂದರು. ಮೇಸ್ತ್ರಿಯೂ ಹೂಂ, ಹಣೆಬರಹ ಎಂದ. ಚೈನು ತುಂಡಾಗುವ ಮುಂಚೆ ತಿಂಗಳುಗಟ್ಟಲೆ ಸಣ್ಣ ಸದ್ದು ಮಾಡುತ್ತದೆ ಎಂಬ ಬಗ್ಗೆ ಅವನು ಬಾಯಿ ಬಿಡಲಿಲ್ಲ.

"ಮೊದಲು ಡೀಸೆಲ್ ನೋಡೋಣ" ಎಂದ ಮೇಸ್ತ್ರಿ.

ವ್ಯಾಪಾರಿ ಸೆಲ್ಫ್ ಹೊಡೆದ. ಕಪ್ಪು ಗಾಡಿ ಗುಡುಗುಡು ಎಂದಿತು, ಮೇಸ್ತ್ರಿಯ ಜೀವಕ್ಕೆ ತಂಪಾಯಿತು. ಡೀಸೆಲ್ಲಿನ ಬಡಿತ ದಪ್ಪ. ಸ್ಕ್ರೂಡ್ರೈವರಿನ ಹಿಡಿಯಿಂದ ಅದು ನೇರ ತಲೆಬುರುಡೆಗೇ ಇಳಿಯಿತು, ನಾಲ್ಕು ಸಿಲಿಂಡರೂ ಲೆಕ್ಕಕ್ಕೆ ಸಿಕ್ಕವು. ಇದರ ಮೇಲೆ ಧೈರ್ಯವಾಗಿ ಮಾತು ಕೊಡಬಹುದು, ಮರ್ಯಾದೆಯೂ ಉಳಿಯುತ್ತದೆ.

"ಇದೇ ಇರ್ಲಿ. ಇಂಜಿನ್ನು ಗಟ್ಟಿಯಾಗಿದೆ."

"ಡೀಸೆಲ್ಲಾ?" ಮಗಳು ಹುಬ್ಬು ಗಂಟಿಕ್ಕಿದಳು. "ನೀನೇ ಅಲ್ವಾ ಅಪ್ಪ, ನಮಗೆ ಡೀಸೆಲ್ ಬೇಡ ಅಂದಿದ್ದು? ಸ್ಕೂಲು, ಆಫೀಸು ಅಂತ ದಿನಕ್ಕೆ ಐದು ಕಿಲೋಮೀಟರ್ ಓಡ್ಸೋರಿಗೆ ಇಂಜಿನ್ನು ಬಿಸಿಯೇ ಆಗಲ್ಲ, ಮಸಿ ಹಿಡಿಯೋ ಫಿಲ್ಟರ್ ಕಟ್ಕೊಳ್ಳುತ್ತೆ, ಒಂದಿನ ಗಾಡಿ ಮುಷ್ಕರ ಹೂಡುತ್ತೆ ಅಂದೆ."

ಅಂದಿದ್ದ, ಹೌದು. ಹೋದ ವಾರ, ಊಟಕ್ಕೆ ಕೂತಾಗ, ದೊಡ್ಡ ಪಂಡಿತನ ಹಾಗೆ. ಅಂದದ್ದು ಸರಿಯಾಗಿಯೂ ಇತ್ತು. ಅವರ ಓಡಾಟಕ್ಕೆ ಪೆಟ್ರೋಲೇ ಸರಿ. ತನಗೆ ಕೇಳುತ್ತದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ತಪ್ಪು ಗಾಡಿಗೆ ಹತ್ತಿಸಲು ಹೊರಟಿದ್ದೇನೆ ಎಂದು ಹೊಳೆದಾಗ ಮೇಸ್ತ್ರಿಗೆ ತನ್ನ ಮೇಲೇ ಅಸಹ್ಯವಾಯಿತು.

"ಸರಿ, ಬೆಳ್ಳೀದು ನೋಡೋಣ" ಎಂದ.

ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ವ್ಯಾಪಾರಿ ಮೊದಲೇ ಬಿಸಿ ಮಾಡಿ ಇಟ್ಟಿರಲಿಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಸವೆದ ಚೈನು ತಣ್ಣಗಿನ ಇಂಜಿನ್ನಿನಲ್ಲಿ ಎರಡೇ ಉಸಿರಿನ ಹೊತ್ತು ಸದ್ದು ಮಾಡುತ್ತದೆ. ಆಯಿಲು ಮೇಲೆ ಏರಿತೆಂದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಅದನ್ನು ಕೇಳಬೇಕಾದರೆ ತಾಸುಗಟ್ಟಲೆ ಕಾಯಬೇಕು.

ಬಾನೆಟ್ಟು ಎತ್ತಿ ಸ್ಕ್ರೂಡ್ರೈವರು ಇಟ್ಟ, ಹಿಡಿಯನ್ನು ಕಿವಿಗೆ ಒತ್ತಿದ, ಕಣ್ಣು ಮುಚ್ಚಿದ. ಇಂಜಿನ್ನು ಶುರುವಾಯಿತು. ಹಿಡಿ ಸಣ್ಣಗೆ ನಡುಗಿತು. ಒಂದು ಉಸಿರು, ಎರಡು ಉಸಿರು. ಏನೂ ಇಲ್ಲ. ಸದ್ದಿಲ್ಲವೋ, ತನಗೆ ಕೇಳಿಸಲಿಲ್ಲವೋ, ಆ ದೇವರಿಗೇ ಗೊತ್ತು.

ಕಣ್ಣು ಬಿಟ್ಟ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ಪರೀಕ್ಷೆಯ ಅಂಕಪಟ್ಟಿ ಕೊಟ್ಟು ನೋಡುತ್ತಿದ್ದ ಹಾಗೆ.

"ಚೆನ್ನಾಗಿದೆ" ಎಂದುಬಿಟ್ಟ.

"ಅಬ್ಬಾ!" ಎಂದಳು ಮಗಳು. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು ಅದು. ವ್ಯಾಪಾರಿ ಆಗಲೇ ಬಾನೆಟ್ಟು ಮುಚ್ಚಿ ಅದರ ಮೇಲೆ ಕಾಗದ ಹರಡಿದ್ದ, ಪೆನ್ನು ಕೂಡ ಕೊಟ್ಟಾಗಿತ್ತು. ಮಗಳು ಬಗ್ಗಿ ಹೆಸರಿನ ಮೊದಲ ಅಕ್ಷರ ಬರೆದಳು. ಮೇಸ್ತ್ರಿ ಅವಳ ಮುಂಗೈ ಹಿಡಿದ.

"ನಿಲ್ಲಿಸು."

"ಏನಾಯ್ತು?"

"ನಂಗೆ ಕೇಳಿಸ್ಲಿಲ್ಲ."

"ಸದ್ದೇ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ?"

"ಸದ್ದು ಇದೆಯೋ ಇಲ್ವೋ ನಂಗೊತ್ತಿಲ್ಲ ಅಂತಿದೀನಿ. ಸಣ್ಣ ಸದ್ದು ನಂಗೆ ಕೇಳಿಸಲ್ಲ ಕಣೇ. ಎರಡು ವರ್ಷ ಆಯ್ತು." ಇಷ್ಟು ಹೇಳಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಹೇಗೆ? "ಆ ಕಾರಿಂದೂ ಕೇಳಿಸಿರ್ಲಿಲ್ಲ."

ಮಗಳು ಪೆನ್ನು ಕೆಳಗಿಟ್ಟಳು. ಕೂಗಾಡುತ್ತಾಳೆ ಎಂದುಕೊಂಡಿದ್ದ. ಕೂಗಾಡಲಿಲ್ಲ.

"ಸೇತುವೆ ಮೇಲೆ ಅವಳು ನನ್ನ ಕೈ ಹಿಡ್ಕೊಂಡು ಏನಂದ್ಲು ಗೊತ್ತಾ? ತಾತನ್ನ ಕರಿ, ತಾತ ಸರಿಮಾಡ್ತಾರೆ ಅಂದ್ಲು." ಅವಳು ಕಾಗದ ಮಡಚಿಕೊಂಡಳು. "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಪ್ಪ? ಬೇರೆ ಮೆಕ್ಯಾನಿಕ್ ಹತ್ರ ತೋರಿಸ್ತಿದ್ವಿ."

ಹೋಗುತ್ತಿದ್ದದ್ದು ಅವನ ಹೆಸರು. ಅದನ್ನು ಮಗುವಿನ ಉಸಿರಿನ ಪಕ್ಕದಲ್ಲಿಟ್ಟು ಹೇಳುವ ಮುಖ ಅವನಿಗಿರಲಿಲ್ಲ.

ಮಗಳು ಗೇಟಿನವರೆಗೆ ಹೋಗಿ ಬೆನ್ನು ಹಾಕಿ ನಿಂತಳು. ವ್ಯಾಪಾರಿ ಗಡಿಯಾರ ನೋಡಿದ, ಕೆಮ್ಮಿದ, ಇನ್ನೊಬ್ಬ ಗಿರಾಕಿ ಬರ್ತಿದ್ದಾರೆ ಎಂದು ಯಾರಿಗೋ ಹೇಳಿದಂತೆ ಹೇಳಿದ. ಕೊನೆಗೆ ಮಗಳು ಕಣ್ಣೊರೆಸಿಕೊಂಡು ಬಂದಳು.

"ಆ ಸದ್ದು ಹೇಗಿರುತ್ತೆ? ಮಾಡಿ ತೋರ್ಸು."

ಅರವತ್ತೆಂಟರ ಮುದುಕ ಅಂಗಳದ ನಡುವೆ ನಿಂತು ನಾಲಿಗೆಯಿಂದ ಚರಚರಚರ ಎಂದ. ತಗಡಿನ ಡಬ್ಬಿಯಲ್ಲಿ ಗುಂಡುಸೂಜಿ ಅಲ್ಲಾಡಿಸಿದ ಹಾಗೆ ಇರುತ್ತೆ, ಶುರುವಾದ ತಕ್ಷಣ, ಆಮೇಲೆ ಇರಲ್ಲ ಎಂದು ವಿವರಿಸಿದ. ವ್ಯಾಪಾರಿಗೆ ನಗು ಬಂತು. ಮಗಳು ಒಮ್ಮೆ ನೋಡಿದ ಮೇಲೆ ಅದು ತಾನಾಗಿ ಹೋಯಿತು.

"ಇಂಜಿನ್ನು ತಣ್ಣಗಾಗೋವರೆಗೂ ಕಾಯ್ತೀವಿ. ಕೀಲಿಕೈ ನನ್ನ ಹತ್ರ ಇರುತ್ತೆ."

ನಾಲ್ಕು ತಾಸು ಕಾದರು, ಒಂದೇ ಬೆಂಚಿನ ಎರಡು ತುದಿಯಲ್ಲಿ. ಗಿರಾಕಿ ನಿಜಕ್ಕೂ ಬಂದ. ಬೆಳ್ಳಿ ಗಾಡಿಯ ಸುತ್ತ ಎರಡು ಸುತ್ತು ಹಾಕಿ ಕೀಲಿಕೈ ಕೇಳಿದ. "ನಮ್ಮದಿನ್ನೂ ಮುಗಿದಿಲ್ಲ" ಎಂದು ಮಗಳು ಮುಷ್ಟಿ ಬಿಗಿ ಮಾಡಿದಳು. ಅವನು ಮೂಗು ಮುರಿದು ಕಪ್ಪು ಗಾಡಿಯ ಕಡೆಗೆ ಹೋದ.

ಬಿಸಿಲು ಇಳಿಯುವ ಹೊತ್ತಿಗೆ ಮಗಳೇ ಸ್ಕ್ರೂಡ್ರೈವರು ಎತ್ತಿಕೊಂಡಳು. ಎಲ್ಲಿ ಆನಿಸಬೇಕೆಂದು ಮೇಸ್ತ್ರಿ ಬೆರಳು ತೋರಿಸಿದ. ವ್ಯಾಪಾರಿಗೆ ಕೀಲಿಕೈ ಕೊಟ್ಟು ಅವಳು ಕಣ್ಣು ಮುಚ್ಚಿದಳು, ಅವನು ಸೆಲ್ಫ್ ಹೊಡೆದ. ಮೇಸ್ತ್ರಿಗೆ ಈ ಸಲವೂ ಏನೂ ಕೇಳಿಸಲಿಲ್ಲ. ಮಗಳ ಮುಖ ಮಾತ್ರ ತಟ್ಟನೆ ಬಿಳುಚಿತು.

"ಇದೆ" ಎಂದಳು. "ನೀನು ಮಾಡಿ ತೋರಿಸಿದ ಥರಾನೇ ಇದೆ."

ವ್ಯಾಪಾರಿ ಬೆಲೆ ಇಳಿಸುವ ಮಾತೆತ್ತಿದ. ಅವಳು ಅರ್ಧ ಸಹಿ ಮಾಡಿದ ಕಾಗದವನ್ನು ಹರಿದು ಚೀಲಕ್ಕೆ ಹಾಕಿಕೊಂಡು ಹೊರಟಳು. ಮೇಸ್ತ್ರಿ ಹಿಂದಿನಿಂದ ನಡೆದ.

ಬಸ್ ನಿಲ್ದಾಣದಲ್ಲಿ ಅವರಿಬ್ಬರೇ ಇದ್ದರು. ಒಂದು ಗಾಡಿ ತಪ್ಪಿತು, ಮಗು ಒಂದು ಗಂಡಾಂತರದಿಂದ ಪಾರಾಯಿತು ಎಂದು ಮೇಸ್ತ್ರಿಯ ಮನಸ್ಸು ಸ್ವಲ್ಪ ಹಗುರಾಗಿತ್ತು. ಅಷ್ಟರಲ್ಲಿ ಮಗಳು ಅವನ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತಳು.

"ಅಪ್ಪ, ಸ್ಕೂಲಿಂದ ಬಂದ್ಮೇಲೆ ಸಂಜೆವರೆಗೂ ಅವಳು ನಿನ್ನ ಹತ್ರಾನೇ ಇರ್ತಾಳೆ. ಮನೇಲಿ ಬೇರೆ ಯಾರೂ ಇರಲ್ಲ."

"ಹೂಂ."

"ಉಬ್ಬಸ ಶುರುವಾಗೋವಾಗ ಎದೆಯೊಳಗೆ ಸಣ್ಣಗೆ ಶಿಳ್ಳೆ ಬರುತ್ತಲ್ಲ, ಅದು ನಿಂಗೆ ಕೇಳಿಸುತ್ತಾ?"

ಹೇಳಲು ಬೇಕಾದಷ್ಟಿತ್ತು. ಅವಳ ಮೇಲಿಂದ ಕಣ್ಣು ತೆಗೆಯುವುದಿಲ್ಲ, ಔಷಧಿಯ ಪಂಪು ಸದಾ ಜೇಬಿನಲ್ಲೇ ಇರುತ್ತದೆ, ಅವಳು ಮಲಗಿದರೆ ಪಕ್ಕದಲ್ಲೇ ಕೂತಿರುತ್ತೇನೆ. ಎಲ್ಲವೂ ನಿಜವೇ. ಮಗಳು ಕೇಳಿದ್ದು ಮಾತ್ರ ಅದಲ್ಲ.

"ಇಲ್ಲ" ಎಂದ.

ದಿನಕ್ಕೆ ಮೂರು ತಾಸು ಅವನ ಮಡಿಲಲ್ಲಿ ಕೂತು ಶಾಲೆಯ ಸುದ್ದಿಯೆಲ್ಲ ಒಪ್ಪಿಸುವ ಕೂಸು. ಅವನ ಇಡೀ ದಿನ ಆ ಮೂರು ತಾಸಿಗಾಗಿಯೇ ಕಾಯುತ್ತಿತ್ತು.

"ಸೋಮವಾರದಿಂದ ಅವಳನ್ನ ನನ್ನೊಬ್ಬನ ಹತ್ರ ಬಿಡಬೇಡ" ಎಂದು ಅವನೇ ಹೇಳಿ ಮುಗಿಸಿದ.

ಅವಳು ಹಾಗಲ್ಲಪ್ಪ ಅನ್ನಲಿಲ್ಲ. ಅವನ ತೋಳು ಹಿಡಿದುಕೊಂಡಳು.

"ಯಾಕೆ ಅಂತ ಕೇಳ್ತಾಳೆ. ಏನ್ ಹೇಳ್ಲಿ?"

"ನೀನು ಹೇಳ್ಬೇಡ" ಎಂದ ಮೇಸ್ತ್ರಿ. "ನಾನೇ ಹೇಳ್ತೀನಿ."