ಎರಡಾಗಿ ಕಂಡ ಎಂಟಾಣೆ

ಅಜ್ಜಂಪುರದಲ್ಲಿ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ಕಲ್ಲೇಶಪ್ಪನವರ ಕಣ್ಣು ಅಂದರೆ ಸಾಮಾನ್ಯವಲ್ಲ. ಹಳೇ ನಾಣ್ಯ ಕೂಡಿಡೋ ಜನ ಕಡೂರು, ತರೀಕೆರೆಯಿಂದ ಬಸ್ಸು ಹತ್ತಿ ಬರೋರು. ಇವರು ಲೆನ್ಸ್ ಹಾಕಿ ನೋಡಿ ಹೂಂ ಅಂದಮೇಲೇ ಅವರಿಗೆ ನಂಬಿಕೆ.

ಹೋದ ದೀಪಾವಳಿ ಹೊತ್ತಿಗೆ ಕಡೂರಿನ ನಾಣ್ಯದವರ ಕೂಟದಲ್ಲಿ ತಮ್ಮದೇ ಒಂದು ಎಂಟಾಣೆ ತೋರಿಸಿದರು. "ಡಬಲ್ ಡೈ ಕಣ್ರೀ! ಅಚ್ಚು ಮಾಡುವಾಗಲೇ ಅಕ್ಷರ ಎರಡು ಸಲ ಬಿದ್ದಿದೆ, ಭಾರೀ ಅಪರೂಪದ್ದು."

ತಮ್ಮನ ಮಗಳು ಶಾಂಭವಿ, ತರೀಕೆರೆಯಲ್ಲಿ ಲೆಕ್ಕದ ಮೇಡಂ, ಈ ವಿದ್ಯೆಯನ್ನು ಅವರಿಂದಲೇ ಕಲಿತವಳು. ಮಕ್ಕಳಿಲ್ಲದ ದೊಡ್ಡಪ್ಪನ ಮನೆಗೆ ಅವಳೇ ಮಗಳು. ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿ ಮೆಲ್ಲಗೆ ಹೇಳಿದಳು. "ಇಲ್ಲ ದೊಡ್ಡಪ್ಪ. ಇದು ಸವೆದ ಅಚ್ಚಿಂದು, ಅಕ್ಷರದ ಅಂಚು ಹರಡಿದೆ ಅಷ್ಟೇ."

"ನಿಂಗೆ ಕಣ್ಣಿದೆಯೇನೇ?" ಅಂತ ಹತ್ತು ಜನರೆದುರು ಗದರಿಬಿಟ್ಟರು ಪುಣ್ಯಾತ್ಮ. ಅವಳು ಎದ್ದು ಹೋದಳು. ಆಮೇಲೆ ಕೂಟಕ್ಕೂ ಬರಲಿಲ್ಲ, ಮನೆಗೂ ಬರಲಿಲ್ಲ.

ಯುಗಾದಿ ಕಳೆದ ಮೇಲೆ ಹೆಂಡತಿ ಮಲ್ಲಿಕಾಂಬ ಹಟ ಹಿಡಿದು ಅವರ ಕಣ್ಣಿನ ಪೊರೆ ತೆಗೆಸಿದರು. ಡಾಕ್ಟರು ಎಲ್ಲಾ ಸರಿಯಾಯ್ತು ಅಂದ ದಿನ ಕಲ್ಲೇಶಪ್ಪ ಮೊದಲು ಹುಡುಕಿದ್ದು ಆ ಎಂಟಾಣೆಯನ್ನೇ. ನಿಜವಾದ ಡಬಲ್ ಡೈ ಆಗಿದ್ದರೆ ಎರಡು ಅಕ್ಷರವೂ ಉಬ್ಬಿಕೊಂಡು, ತುದಿಯಲ್ಲಿ ಸೀಳು ಕಾಣಬೇಕು. ಅಯ್ಯೋ ಶಿವನೇ, ಎಲ್ಲಿದೆ ಸೀಳು? ಇದ್ದದ್ದು ಒಂದೇ ಅಕ್ಷರ, ಅದರ ಪಕ್ಕ ದೋಸೆ ಹಿಟ್ಟು ಹರಿದ ಹಾಗೆ ಚಪ್ಪಟೆ ಅಂಚು. ಸವೆದ ಅಚ್ಚೇ. ಎರಡಾಗಿ ತೋರಿಸಿದ್ದು ಪೊರೆ.

ಸುಮ್ಮನಿದ್ದರೆ ನಲವತ್ತು ವರ್ಷದ ಹೆಸರು ಉಳಿಯುತ್ತಿತ್ತು. ಮಗಳಂಥವಳನ್ನು ಕಳಕೊಂಡು ಉಳಿಸಿಕೊಳ್ಳೋ ಹೆಸರು ಯಾರಿಗೆ ಬೇಕು? ನಾಚಿಕೆಯಿಂದ ಅವರಿಗೆ ಊಟ ಸೇರಲಿಲ್ಲ. ಶಾಂಭವಿಗೆ ತಾವೇ ಫೋನ್ ಮಾಡಿ, ಭಾನುವಾರದ ಕೂಟಕ್ಕೆ ಬಾರಮ್ಮ ಅಂದರು.

ಅವಳು ಬಂದಳು. ಅದೇ ಜನರೆದುರು ಕಲ್ಲೇಶಪ್ಪ ಎದ್ದು ನಿಂತರು. "ಶಾಂಭವಿ ಹೇಳಿದ್ದೇ ಸರಿ. ಅವತ್ತು ಕಣ್ಣಿಲ್ಲದೋನು ನಾನು. ತಪ್ಪಾಯ್ತು ಕಣಮ್ಮ."

ಅವಳು ಕಣ್ಣೊರೆಸಿಕೊಂಡು ಅವರನ್ನು ಕೈಹಿಡಿದು ಕೂರಿಸಿದಳು.

ಸಂಜೆ ಮನೆಗೆ ಬಂದವರು ಹೆಂಡತಿಗೆ ಅಂದರು, "ನೀನು ಹಟ ಮಾಡದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ ಕಣೇ."

"ನಂಗೇನ್ರೀ ಗೊತ್ತಿತ್ತು?" ಅಂದರು ಮಲ್ಲಿಕಾಂಬ. "ನೀವು ಬೈದ ದಿನಾನೇ ಶಾಂಭವಿ ಫೋನ್ ಮಾಡಿದ್ಲು. ದೊಡ್ಡಪ್ಪಂಗೆ ಒಂದು ಎರಡಾಗಿ ಕಾಣ್ತಿದೆ, ಬೇಗ ಕಣ್ಣು ತೋರ್ಸಿ ದೊಡ್ಡಮ್ಮ ಅಂತ ಅತ್ಲು. ಆಮೇಲೂ ವಾರ ವಾರ ಕೇಳ್ತಾನೇ ಇದ್ಲು. ನನ್ನ ಹೆಸರು ಮಾತ್ರ ಹೇಳ್ಬೇಡಿ, ಹೇಳಿದ್ರೆ ಅವರು ಆಸ್ಪತ್ರೆಗೆ ಬರಲ್ಲ ಅಂದಿದ್ಲು."