ಮಾರ್ಚ್ ತಿಂಗಳ ಓಟು

"ಎಪ್ಪತ್ತೊಂದು, ಅರವತ್ತೆಂಟು." ಅಗ್ನಿಶಾಮಕ ಠಾಣೆಯ ಬಾಗಿಲಿಗೆ ಅಂಟಿಸಿದ್ದ ಫಲಿತಾಂಶದ ಹಾಳೆಯನ್ನು ಡಾರ್ಲೀನ್ ಎರಡನೇ ಸಲ ಓದಿದಳು. ಎಪ್ಪತ್ತೊಂದು ಮೇಯರ್ ವೆಂಡೆಲ್‌ನದು, ಅರವತ್ತೆಂಟು ಅವಳದು. ಎರಡು ಸಾವಿರ ಮತದಾರರ ಊರು! ನವೆಂಬರಿನಲ್ಲಿ ದೇಶದ ಅಧ್ಯಕ್ಷರ ಚುನಾವಣೆಗೆ ಇದೇ ಬಾಗಿಲಿನಿಂದ ಚರ್ಚಿನವರೆಗೆ ಸಾಲು ನಿಂತಿತ್ತು. ಊರಿನ ಮೇಯರ್ ಚುನಾವಣೆ ಮಾರ್ಚಿನ ಕೆಸರಲ್ಲಿ. ಬಂದವರಲ್ಲಿ ಅರ್ಧ ವೆಂಡೆಲ್‌ನ ನೆಂಟರೇ.

ವೆಂಡೆಲ್ ಕಾಫಿ ಹಿಡಿದು ಹೊರಬಂದ. "ಬೇಜಾರು ಮಾಡ್ಕೋಬೇಡಮ್ಮ."

"ಎರಡು ಚುನಾವಣೆನೂ ನವೆಂಬರಲ್ಲೇ ಇಡಿ ಅಂತ ಮೂರು ವರ್ಷದಿಂದ ಬಡ್ಕೊಂಡೆ. ಯಾಕೆ ಒಪ್ಲಿಲ್ಲ ಅಂತ ಈಗ ಗೊತ್ತಾಯ್ತು ಬಿಡಿ."

"ಮಾರ್ಚಲ್ಲಿ ಊರಿನ ಕಾಳಜಿ ಇರೋರು ಮಾತ್ರ ಬರ್ತಾರೆ."

"ನಮ್ಮ ಕಾಲುವೆ ಬೀದಿ ನೆಲಮಾಳಿಗೆಗಳಲ್ಲಿ ಹೇಲು ನೀರು ನಿಂತಿದೆ. ಕಾಳಜಿಯಂತೆ ಕಾಳಜಿ, ಥೂ!"

ಹಿಮ ಕರಗಿದಾಗಲೆಲ್ಲ ಅವಳ ಬೀದಿಯ ಚರಂಡಿ ಮನೆಯೊಳಗೇ ಉಕ್ಕುತ್ತಿತ್ತು. ಆ ಚರಂಡಿ ಕೊಳವೆ ಬದಲಿಸುವುದೊಂದೇ ಅವಳ ಹಟ. ಸ್ಕೂಲ್ ಬಸ್ ಓಡಿಸಿ ಬಂದು ಅಕ್ಟೋಬರಿನಿಂದ ಮನೆಮನೆ ಬಾಗಿಲು ತಟ್ಟಿದ್ದಳು. ಇನ್ನೆರಡು ವರ್ಷ ಅದೇ ಗತಿ, ಬರೀ ಮೂರು ಓಟಿಗೆ! ಎದುರುಮನೆ ಅರ್ಲ್‌ನ ಸಂಸಾರದಲ್ಲೇ ನಾಲ್ಕು ಓಟಿದ್ದವು. ನಿನ್ನೆ ಓಟಿನ ದಿನವಿಡೀ ಠಾಣೆಯೆದುರಿನ ರಸ್ತೆಯಲ್ಲಿ ಕಾದರೂ ಅವರಲ್ಲಿ ಒಬ್ಬರ ಮುಖವೂ ಕಂಡಿರಲಿಲ್ಲ.

ನೇರ ಹೋಗಿ ಅವನ ಬಾಗಿಲು ಗುದ್ದಿದಳು. ಮೊಣಕಾಲಿನ ತನಕ ರಬ್ಬರ್ ಬೂಟು ಹಾಕಿಕೊಂಡು ಅರ್ಲ್ ಬಾಗಿಲು ತೆಗೆದ.

"'ನಮ್ಮ ನಾಲ್ಕು ಓಟೂ ನಿನಗೇ' ಅಂದಿದ್ಯಲ್ಲೋ! ಯಾಕೋ ಹಾಕ್ಲಿಲ್ಲ?"

"ಹಾಕಿದ್ವಲ್ಲೇ! ನವೆಂಬರಲ್ಲೇ."

"ಅದು ಅಧ್ಯಕ್ಷರದ್ದು ಕಣೋ, ಮಂಕೇ! ಅದ್ರಲ್ಲಿ ನನ್ನ ಹೆಸರೆಲ್ಲಿತ್ತು?"

"ಇರ್ಲಿಲ್ಲ." ಅರ್ಲ್ ತಲೆ ಕೆರೆದುಕೊಂಡ. "ಅಚ್ಚು ಹಾಕೋರು ಬಿಟ್ಟಿದ್ದಾರೆ ಅನ್ಕೊಂಡ್ವಿ. ಬೇರೆ ಹೆಸರು ಬರೆಯೋಕೆ ಅಂತ ಕೆಳಗೆ ಖಾಲಿ ಗೆರೆ ಇತ್ತಲ್ಲ, ನಾಲ್ಕೂ ಜನ ಅಲ್ಲಿ ನಿನ್ನ ಹೆಸರು ಕೈಯಲ್ಲೇ ಬರೆದು ಬಂದ್ವಿ."

ಡಾರ್ಲೀನ್ ಬಾಯಿತುಂಬ ಬೈಗುಳ ಕಟ್ಟಿಕೊಂಡು ಬಂದಿದ್ದಳು. ಬೈಯುವುದು ಯಾರನ್ನು?

"ಯಾಕೆ, ಅದು ಲೆಕ್ಕಕ್ಕೆ ಬರಲ್ವಾ?" ಅರ್ಲ್ ಕೇಳಿದ.

ನೆಲಮಾಳಿಗೆಯಿಂದ ಅವನ ಹೆಂಡತಿ ಕೂಗಿದಳು: "ಯಾರ ಜೊತೆ ಹರಟೆ ಹೊಡೀತಿದ್ದೀರಾ? ಮೂರನೇ ಮೆಟ್ಟಿಲಿಗೆ ಬಂತು ನೀರು!"

ಡಾರ್ಲೀನ್ ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು. ಮೆಟ್ಟಿಲ ತುದಿಯಲ್ಲಿದ್ದ ಬಕೆಟ್ ಎತ್ತಿಕೊಂಡು, ಬೂಟು ಕೂಡ ಇಲ್ಲದೆ ಆ ನೀರಿಗೆ ಇಳಿದಳು.