ಮೊಟ್ಟೆಯ ನೆತ್ತಿ

"ಅಮ್ಮ, ಹತ್ತು ಗಂಟೆವರೆಗೆ ಮಿಕ್ಸಿ ಹಾಕ್ಬೇಡಿ ಆಯ್ತಾ? ಕುಕ್ಕರ್ ಸಹ ಬೇಡ," ಎಂದು ಗುಣಪಾಲ ಮೂರನೆಯ ಸಲ ಹೇಳಿದ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿದ್ದ ಅವನು ಕಾಲಿಂಗ್ ಬೆಲ್ಲಿನ ಬ್ಯಾಟರಿಯನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ. ಅವನ ತಾಯಿ ಸ್ವರ್ಣಲತಾ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ಸದ್ದಾಗದ ಕೆಲಸ ಯಾವುದಿದೆ ಎಂದು ಹುಡುಕಿ, ಕೊನೆಗೆ ಮಾವಿನಕಾಯಿಗಳನ್ನು ಬಟ್ಟೆಯಲ್ಲಿ ಒರೆಸತೊಡಗಿದರು. ಸೊಸೆ ಆಸ್ಪತ್ರೆಯ ಬೆಳಗಿನ ಪಾಳಿಗೆ ಹೋಗಿಯಾಗಿತ್ತು.

ಹೊರಗಿನ ಕೋಣೆಯಲ್ಲಿ ಮೊಮ್ಮಗಳು ಅಶ್ಮಿತಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ದುಬೈಯಲ್ಲಿ ಒಂಬತ್ತು ಗಂಟೆ, ಕೊರಿಯದಲ್ಲಿ ಮಧ್ಯಾಹ್ನ ಎರಡು. ಅಲ್ಲಿಯ ಸೊಲ್‌ಬಿತ್ ಮಹಿಳಾ ಕಾಲೇಜಿನವರು ಈ ದಿನ ಇಪ್ಪತ್ತು ನಿಮಿಷ ಅವಳೊಡನೆ ಮಾತಾಡಿ, ಸೀಟು ಕೊಡುವುದೋ ಬಿಡುವುದೋ ತೀರ್ಮಾನಿಸುವವರಿದ್ದರು. ಕೊಟ್ಟರೆ ಕೊರಿಯ, ಇಲ್ಲದಿದ್ದರೆ ಮಂಗಳೂರಿನಲ್ಲಿ ಬಿಕಾಂ ಎಂದು ಗುಣಪಾಲ ಕರಾರು ಹಾಕಿದ್ದ. ಬಿಕಾಂ ಎಂದಾಗಲೆಲ್ಲ ಹುಡುಗಿ ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದಳು.

ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಸ್ವರ್ಣಲತಾಗೆ ಆ ಕಾಲೇಜಿನ ಚರಿತ್ರೆ ಬಾಯಿಪಾಠವಾಗಿತ್ತು. ಅಶ್ಮಿತಾ ಒಂದೇ ಒಂದು ಸಲ ಓದಿ ಹೇಳಿದ್ದು. ಕೊರಿಯದ ಯುದ್ಧ ಮುಗಿದ ವರ್ಷ ಒಬ್ಬ ವಿಧವೆ ಸೂರು ಸುಟ್ಟುಹೋಗಿದ್ದ ಗೋದಾಮಿನಲ್ಲಿ ಹನ್ನೊಂದು ಹುಡುಗಿಯರಿಗೆ ಓದು, ಹೊಲಿಗೆ ಕಲಿಸಲು ಶುರುಮಾಡಿದ್ದು. ಆ ಚಳಿಗಾಲಕ್ಕೆ ಹುಡುಗಿಯರು ಮನೆಯಿಂದ ಎಲೆಕೋಸು ಹೊತ್ತು ತಂದದ್ದು, ಎಲ್ಲರೂ ಕೂತು ಉಪ್ಪು ಹಾಕಿ ಮಣ್ಣಿನ ಜಾಡಿಗಳಲ್ಲಿ ತುಂಬಿದ್ದು. ಆಮೇಲೆ ನರ್ಸಿಂಗ್ ಬಂತು, ಮಕ್ಕಳ ಶಿಕ್ಷಣ ಬಂತು, ಬಟ್ಟೆಯ ವಿನ್ಯಾಸವೂ ಬಂತು. ಆದರೂ ಹೊಸದಾಗಿ ಸೇರಿದವರು ಈಗಲೂ ನವೆಂಬರಿನಲ್ಲಿ ಅಂಗಳದಲ್ಲಿ ಕೂತು ಕಿಮ್ಚಿ ಎಂಬ ಆ ಎಲೆಕೋಸಿನ ಉಪ್ಪಿನಕಾಯಿ ಹಾಕಲೇಬೇಕು. ಅಶ್ಮಿತಾ ಬಯಸಿದ್ದು ಅಲ್ಲಿಯ ಆಹಾರ ವಿಭಾಗವನ್ನು. ಹುಳಿ ಬರಿಸುವುದಕ್ಕೆ, ಉಪ್ಪಿನಲ್ಲಿ ಕಾಪಿಡುವುದಕ್ಕೆ ಅಲ್ಲಿ ಬೇರೆಯೇ ಒಂದು ಕೋರ್ಸು.

"ಉಪ್ಪು ಹಾಕ್ಲಿಕ್ಕೂ ಪರೀಕ್ಷೆ ಉಂಟಾ? ಹಾಗಾದ್ರೆ ನನ್ನತ್ತೆ ಡಾಕ್ಟ್ರಾಗ್ಬೇಕಿತ್ತು," ಎಂದು ಆ ದಿನ ಅಜ್ಜಿ ನಕ್ಕಿದ್ದರು.

ಉಪ್ಪುನೀರಿನ ಮಾವಿನಕಾಯಿ ಹಾಕುವುದನ್ನು ಮನೆಯಲ್ಲೇ ಅಜ್ಜಿಯಿಂದ ಕಲಿತಿದ್ದೇನೆ ಎಂದು ಅಶ್ಮಿತಾ ಅರ್ಜಿಯಲ್ಲಿ ಬರೆದಿದ್ದಳು. ಅವಳು ಕಲಿತದ್ದು ತಿನ್ನುವುದನ್ನು. ಸ್ವರ್ಣಲತಾ ಪ್ರತಿ ಸಲ ಊರಿನಿಂದ ಬರುವಾಗ ಹಳೆಯ ಸೀರೆ ಸುತ್ತಿ, ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟು ತರುತ್ತಿದ್ದ ಭರಣಿಗೆ ಅವಳು ಒಮ್ಮೆಯೂ ಕಾಯಿ ತುಂಬಿದವಳಲ್ಲ.

ಹೊರಗಿನಿಂದ ಮೊದಲು ನಗು ಕೇಳುತ್ತಿತ್ತು. ಆಮೇಲೆ ಮಾತು ನಿಂತಿತು. ಸ್ವರ್ಣಲತಾಗೆ ಇಂಗ್ಲಿಷ್ ಬಾರದು. ಆದರೆ ಮೊಮ್ಮಗಳು ಸುಮ್ಮನಾದದ್ದು ತಿಳಿಯಲು ಭಾಷೆ ಬೇಕಿರಲಿಲ್ಲ. ಗುಣಪಾಲ ಬಾಗಿಲ ಬಳಿ ಬಂದು ಪಿಸುಗುಟ್ಟಿದ. ಉಪ್ಪು ಎಷ್ಟು ಎಂದು ಕಾಲೇಜಿನ ಮೇಡಂ ಕೇಳಿದರಂತೆ, ಇವಳು ಪುಸ್ತಕದ ಲೆಕ್ಕ ಹೇಳಿದಳಂತೆ. ನಿನ್ನ ಅಜ್ಜಿ ತೂಕ ಮಾಡಿ ಹಾಕುತ್ತಾರಾ, ಇಲ್ಲದಿದ್ದರೆ ಸಾಕಾಯಿತು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಈಗ ಕೇಳುತ್ತಿದ್ದಾರಂತೆ.

ಸ್ವರ್ಣಲತಾ ಎದ್ದರು. ಗುಣಪಾಲ ಕೈ ಅಡ್ಡ ಹಿಡಿದ. "ನೀವು ಹೋಗ್ಬಾರ್ದು. ಹೇಳಿಕೊಟ್ರು ಅಂತ ಆಗ್ತದೆ."

ಅಷ್ಟರಲ್ಲಿ ಅಶ್ಮಿತಾಳ ದನಿ ಕೇಳಿತು. ಮೆಲ್ಲನೆ, ನಿಂತು ನಿಂತು. ಗುಣಪಾಲನ ಕೈ ಕೆಳಗಿಳಿಯಿತು.

"ಎಂತ ಹೇಳಿದ್ಲು?"

"ನಂಗೆ ಗೊತ್ತಿಲ್ಲ, ಅರ್ಜಿಯಲ್ಲಿ ಬರ್ದದ್ದು ಸರಿಯಲ್ಲ, ಹಾಕುದು ಅಜ್ಜಿ, ನಾನು ತಿಂದದ್ದು ಮಾತ್ರ ಅಂತ." ಅವನು ಗೋಡೆಗೆ ಒರಗಿದ. "ಖಲಾಸ್."

"ಅಜ್ಜಿ," ಎಂದು ಅಶ್ಮಿತಾ ಕರೆದಳು. "ಒಮ್ಮೆ ಬನ್ನಿ. ಮೇಡಂಗೆ ನಿಮ್ಮನ್ನು ನೋಡ್ಬೇಕಂತೆ."

ಪರದೆಯಲ್ಲಿ ತಲೆ ನರೆತ ಹೆಂಗಸೊಬ್ಬಳು ತಲೆ ಬಾಗಿಸಿದಳು. ಸ್ವರ್ಣಲತಾ ಕೈ ಮುಗಿದರು. ಬಾಯಲ್ಲಿ ಹೇಳುವ ವಿಷಯ ಇದಲ್ಲ ಎನ್ನಿಸಿ ಒಳಗೆ ಹೋಗಿ ಗಾಜಿನ ಬೋಗುಣಿಯಲ್ಲಿ ನೀರು, ಉಪ್ಪಿನ ಡಬ್ಬ, ಒಂದು ಕೋಳಿಮೊಟ್ಟೆ ತಂದರು. ಮೊಟ್ಟೆಯನ್ನು ನೀರಿಗೆ ಬಿಟ್ಟರು. ಅದು ತಳ ಸೇರಿತು. ಚಮಚವನ್ನು ಮೊಮ್ಮಗಳ ಕೈಗೆ ಕೊಟ್ಟರು.

"ನೀನೇ ಹಾಕು. ಸೀಟು ಬೇಕಾದ್ದು ನಿಂಗಲ್ವಾ?"

ಅಶ್ಮಿತಾ ಉಪ್ಪು ಹಾಕಿದಳು, ಕಲಕಿದಳು, ಮತ್ತೆ ಹಾಕಿದಳು. ಸುಮಾರು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೊಟ್ಟೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವಂತೆ ಹೊರಳಿತು, ತುದಿಯ ಮೇಲೆ ನಿಂತಿತು, ತಳ ಬಿಟ್ಟು ಮೇಲೆ ಬಂತು. ಉಪ್ಪು ಸಾಕಾದಾಗ ಮೊಟ್ಟೆಯ ನೆತ್ತಿ ನೀರಿನ ಮೇಲೆ ಎಷ್ಟು ಕಾಣಬೇಕೆಂದು ತೋರಿಸಲು ಸ್ವರ್ಣಲತಾ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡುವಷ್ಟರಲ್ಲಿ ಪರದೆಯ ಹೆಂಗಸೂ ತನ್ನ ಕೈ ಎತ್ತಿದಳು. ಅದೇ ಬೆರಳುಗಳು, ಅಷ್ಟೇ ಉಂಗುರ. ಇಬ್ಬರೂ ಪರಸ್ಪರರ ಕೈ ನೋಡಿದರು. ಮೊದಲು ನಕ್ಕದ್ದು ಯಾರೆಂದು ಹೇಳಲಾಗದು.

ಅವರಲ್ಲಿ ಸೋಯಾ ಕಾಳು ಉಪ್ಪುನೀರಿಗೆ ಹಾಕುವಾಗಲೂ ಹೀಗೇ ನೋಡುವುದಂತೆ, ಮೇಡಂಗೆ ಅವರ ತಾಯಿ ತೋರಿಸಿಕೊಟ್ಟದ್ದಂತೆ. ಅದನ್ನು ಕನ್ನಡದಲ್ಲಿ ಹೇಳುವ ಉತ್ಸಾಹದಲ್ಲಿ ಗುಣಪಾಲ ಕ್ಯಾಮೆರಾದ ಮುಂದೆಯೇ ಬಂದು ನಿಂತಿದ್ದ. ಮೇಲೆ ಇಸ್ತ್ರಿಯ ಶರ್ಟು, ಕೆಳಗೆ ಲುಂಗಿ.

"ಅಪ್ಪಾ, ಪ್ಲೀಸ್," ಎಂದಳು ಅಶ್ಮಿತಾ. ಇಪ್ಪತ್ತು ನಿಮಿಷದ ಮಾತು ಐವತ್ತು ನಿಮಿಷವಾಯಿತು.

ಎಂಟು ದಿನ ಕಳೆದು ಶನಿವಾರ ಬೆಳಿಗ್ಗೆ ಗುಣಪಾಲನ ಫೋನಿಗೆ ಕಾಲೇಜಿನ ಪತ್ರ ಬಂತು. ಅಶ್ಮಿತಾ ಆಗ ಅಡುಗೆಮನೆಯ ನೆಲದಲ್ಲಿ ಕೂತು, ಕುದಿಸಿ ಆರಿಸಿದ ನೀರಿಗೆ ಉಪ್ಪು ಕಲಕುತ್ತಿದ್ದಳು. ಪಕ್ಕದಲ್ಲಿ ಭರಣಿ, ಒರೆಸಿಟ್ಟ ಮಾವಿನಕಾಯಿ. ಗುಣಪಾಲ ಮೊದಲ ಸಾಲು ಓದಿದ, ಕನ್ನಡಕ ತೆಗೆದ, ಹಾಕಿಕೊಂಡು ಮತ್ತೆ ಅದೇ ಸಾಲು ಓದಿದ.

"ಸಿಕ್ತು," ಎಂದ. "ಮಾರಾಯ್ತಿ, ಸಿಕ್ತು ನಿಂಗೆ."

ಅಶ್ಮಿತಾ ಎದ್ದು ಫೋನಿಗೆ ಕೈ ಚಾಚಿದಳು. ಉಪ್ಪಿನ ಕೈಯಲ್ಲಿ ಮುಟ್ಟಬೇಡ ಎಂದು ಅವನು ಫೋನನ್ನು ತಲೆಯ ಮೇಲೆ ಹಿಡಿದು, ಹಾಗೇ ಹೆಂಡತಿಗೆ ಕರೆ ಮಾಡುತ್ತ ಬಾಲ್ಕನಿಗೆ ಓಡಿದ. ಅಲ್ಲಿಂದ ಅವನ ಮಾತು ನಾಲ್ಕು ಮಹಡಿ ಕೆಳಗಿನವರೆಗೆ ಕೇಳುತ್ತಿತ್ತು.

ಅಶ್ಮಿತಾ ಅಜ್ಜಿಯ ಕಡೆ ನೋಡಿ ನಗುತ್ತ ಕಣ್ಣೊರೆಸಲು ಹೋಗಿ, ಕೈಯಲ್ಲಿ ಉಪ್ಪಿದ್ದದ್ದು ನೆನಪಾಗಿ ಭುಜಕ್ಕೆ ಮುಖ ಒರೆಸಿಕೊಂಡಳು. ಮತ್ತೆ ಕೂತಳು. ಪಾತ್ರೆಯಲ್ಲಿ ಮೊಟ್ಟೆ ಮೆಲ್ಲನೆ ತಿರುಗುತ್ತಿತ್ತು.

"ಅಜ್ಜಿ, ಸಾಕಾ?"

ಸ್ವರ್ಣಲತಾ ಪಾತ್ರೆಯ ಕಡೆ ನೋಡಲಿಲ್ಲ. "ನೀನೇ ನೋಡಿ ಹೇಳು."

ಅಶ್ಮಿತಾ ಎರಡು ಬೆರಳು ಸೇರಿಸಿ ಉಂಗುರ ಮಾಡಿ ಮೊಟ್ಟೆಯ ನೆತ್ತಿಯ ಮೇಲೆ ಹಿಡಿದಳು. ಬಾಗಿ, ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ ಡಬ್ಬದಿಂದ ಇನ್ನೊಂದು ಚಮಚ ಉಪ್ಪು ತೆಗೆದಳು.